ಜೀವವಿಜ್ಞಾನಿ ಎಂದು ನೋಂದಾಯಿಸಿಕೊಳ್ಳಲು ಡಿಗ್ರಿ ಒಂದೇ ಸಾಕಾ?

ಓದುಗರ ಪತ್ರ: ನಾನು ಬಯೋಟೆಕ್ನಾಲಜಿಯಲ್ಲಿ ಬಿ.ಎಸ್‌ಸಿ. ಮುಗಿಸಿದ್ದೇನೆ. ಅಂಕಗಳೂ ಚೆನ್ನಾಗಿ ಬಂದಿವೆ. ಈಗ ಪರಿಸರ ಸಮೀಕ್ಷೆಯ ಕೆಲಸದಲ್ಲಿದ್ದೇನೆ. ಹೊರದೇಶದಲ್ಲಿ ನೋಂದಾಯಿತ ಜೀವವಿಜ್ಞಾನಿ ಆಗಬೇಕೆಂದು ಅರ್ಜಿ ಹಾಕಿದೆ. ಸಸ್ಯಶಾಸ್ತ್ರ, ಇಕಾಲಜಿ (ಜೀವಿಗಳು ಮತ್ತು ಅವುಗಳ ಪರಿಸರದ ನಂಟಿನ ಓದು), ಸಂಖ್ಯಾಶಾಸ್ತ್ರದ ಪೇಪರ್‌ಗಳು ಸಾಲದು, ಸಿಲಬಸ್ ಕಳಿಸಿ ಎಂದು ಉತ್ತರ ಬಂದಿದೆ. ನನ್ನ ವಿಶ್ವವಿದ್ಯಾಲಯದ ಮೇಲೆ ಅವರಿಗೆ ನಂಬಿಕೆ ಇಲ್ಲ ಅಂತಲೇ ಇದರ ಅರ್ಥ ಅಲ್ವಾ? ಒಂದು ಎಂ.ಎಸ್‌ಸಿ. ಮಾಡಿಬಿಟ್ಟರೆ ಸರಿಹೋಗುತ್ತದೆಯೇ? (ಹೆಸರು ಪ್ರಕಟಿಸಬೇಡಿ ಎಂದು ಕೇಳಿಕೊಂಡಿದ್ದಾರೆ.)

ಸಂಪಾದಕರ ಉತ್ತರ:

ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ವರ್ಷಗಟ್ಟಲೆ ಓದಿ, ಒಳ್ಳೆಯ ಅಂಕ ತೆಗೆದು, ಕೊನೆಗೆ ‘ಸಾಲದು’ ಎಂಬ ಉತ್ತರ ಬಂದರೆ ಯಾರಿಗಾದರೂ ನೋವಾಗುತ್ತದೆ. ಆದರೆ ಅವರು ನಿಮ್ಮ ವಿಶ್ವವಿದ್ಯಾಲಯವನ್ನು ಸಂಶಯದಿಂದ ನೋಡಿದ್ದಾರೆ ಎಂದು ನನಗೆ ಅನಿಸುವುದಿಲ್ಲ. ವಿಶ್ವವಿದ್ಯಾಲಯ ಕೊಡುವ ಡಿಗ್ರಿ, ನೀವು ಒಂದು ವಿಷಯವನ್ನು ಓದಿ ಪಾಸಾಗಿದ್ದೀರಿ ಎಂದು ಹೇಳುತ್ತದೆ. ನೋಂದಣಿ ಸಂಸ್ಥೆ ಕೇಳುವ ಪ್ರಶ್ನೆಯೇ ಬೇರೆ. ಈ ವ್ಯಕ್ತಿ ಸಹಿ ಹಾಕಿದ ವರದಿಯನ್ನು ನಂಬಿ ಒಂದು ಸೇತುವೆ ಕಟ್ಟಬಹುದಾ, ಒಂದು ಕೆರೆಗೆ ನೀರು ಬಿಡಬಹುದಾ, ಒಂದು ಕಾಡಿನ ತುಂಡನ್ನು ಕಡಿಯಬಹುದಾ? ಅದಕ್ಕೆ ಉತ್ತರ ಡಿಗ್ರಿಯ ಹೆಸರಿನಲ್ಲಿ ಸಿಗುವುದಿಲ್ಲ. ಒಟ್ಟು ಶೇಕಡಾವಾರಿನಲ್ಲೂ ಸಿಗುವುದಿಲ್ಲ. ಆದ್ದರಿಂದ ಅವರು ಒಂದೊಂದೇ ಪೇಪರ್ ತೆಗೆದು ನೋಡುತ್ತಾರೆ.

ನಿಯಮ ಎಲ್ಲ ಕಡೆ ಒಂದೇ ರೀತಿ ಇಲ್ಲ. ಇಟಲಿಯಲ್ಲಿ 1967ರಿಂದಲೇ ಜೀವವಿಜ್ಞಾನಿಯ ವೃತ್ತಿಗೆ ಕಾನೂನು ಇದೆ. ಡಿಗ್ರಿ ಆದಮೇಲೆ ಸರ್ಕಾರಿ ಪರೀಕ್ಷೆ ಬರೆದು ಪಾಸಾಗಬೇಕು. ಅಲ್ಲಿನ ಪಟ್ಟಿಯಲ್ಲಿ ಎರಡು ವಿಭಾಗಗಳಿವೆ: ಸ್ನಾತಕೋತ್ತರ ಮಟ್ಟದವರಿಗೆ ಒಂದು, ಮೂರು ವರ್ಷದ ಡಿಗ್ರಿಯವರಿಗೆ ಇನ್ನೊಂದು. ಬ್ರೆಜಿಲ್‌ನಲ್ಲಿ 1979ರ ಸೆಪ್ಟೆಂಬರ್ 3ರ ಕಾನೂನು ಈ ವೃತ್ತಿಗೆ ಮಾನ್ಯತೆ ಕೊಟ್ಟಿತು. ಆ ದಿನವನ್ನು ಅಲ್ಲಿ ಜೀವವಿಜ್ಞಾನಿಗಳ ದಿನವಾಗಿ ಆಚರಿಸುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ 2003ರ ಕಾನೂನಿನಂತೆ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ, ಇಕಾಲಜಿ ಹೀಗೆ ಯಾವ ಕ್ಷೇತ್ರ ಎಂದು ಹೇಳಿಯೇ ಅರ್ಜಿ ಹಾಕಬೇಕು. ಬ್ರಿಟನ್‌ನಲ್ಲಿ ರಾಯಲ್ ಸೊಸೈಟಿ ಆಫ್ ಬಯಾಲಜಿ ಕೊಡುವ ‘ಚಾರ್ಟರ್ಡ್ ಬಯಾಲಜಿಸ್ಟ್’ ಎಂಬ ಮಾನ್ಯತೆ ಇದೆ. ಅಲ್ಲಿ ಓದಿನ ಜೊತೆಗೆ ಕೆಲಸದಲ್ಲಿ ತೋರಿಸಿದ ಸಾಮರ್ಥ್ಯಕ್ಕೂ ತುಂಬಾ ತೂಕ ಕೊಡುತ್ತಾರೆ.

ನಿಮ್ಮ ಕೆಲಸಕ್ಕೆ ಹತ್ತಿರದ ಉದಾಹರಣೆ ಬೇಕೆಂದರೆ ಅಮೆರಿಕದ ‘ದಿ ವೈಲ್ಡ್‌ಲೈಫ್ ಸೊಸೈಟಿ’ಯ ಪಟ್ಟಿಯನ್ನು ನೋಡಿ. ವನ್ಯಜೀವಿ ಜೀವವಿಜ್ಞಾನಿ ಎಂಬ ಅವರ ಪ್ರಮಾಣಪತ್ರವನ್ನು ಕಾನೂನೇನೂ ಕಡ್ಡಾಯ ಮಾಡಿಲ್ಲ. ಬೇಕಾದವರು ಅರ್ಜಿ ಹಾಕಿ ಪಡೆಯುತ್ತಾರೆ. ಆದರೂ ಆ ಪಟ್ಟಿ ಬಹಳ ಸ್ಪಷ್ಟವಾಗಿದೆ, ಅದಕ್ಕೇ ನನಗೆ ಇಷ್ಟ. ವಾರಕ್ಕೊಂದು ಗಂಟೆಯ ಪಾಠ ಒಂದು ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್ ಎಂದು ಇಟ್ಟುಕೊಳ್ಳಿ. ಜೀವವಿಜ್ಞಾನದ ವಿಷಯಗಳಲ್ಲೇ 36 ಕ್ರೆಡಿಟ್ ಬೇಕು. ಅದರೊಳಗೆ ಪ್ರಾಣಿಶಾಸ್ತ್ರಕ್ಕೆ 9, ಸಸ್ಯಶಾಸ್ತ್ರಕ್ಕೆ 9, ಇಕಾಲಜಿಗೆ 3. ಉಳಿದದ್ದರಲ್ಲಿ ವನ್ಯಜೀವಿಗಳ ಬದುಕು ಮತ್ತು ನಿರ್ವಹಣೆಯ ಪಾಠಗಳೂ ಇರಬೇಕು. ರಸಾಯನಶಾಸ್ತ್ರ, ಭೌತಶಾಸ್ತ್ರ, ಮಣ್ಣು ಮುಂತಾದವಕ್ಕೆ 9. ಸಂಖ್ಯಾಶಾಸ್ತ್ರ ಮತ್ತು ಗಣಿತಕ್ಕೆ 9. ಮಾನವಿಕ ಮತ್ತು ಸಮಾಜ ವಿಜ್ಞಾನಕ್ಕೆ 9. ನೀತಿ, ಆಡಳಿತ, ಕಾನೂನಿಗೆ 6. ಬರೆಯುವ, ಮಾತನಾಡುವ ಕಲೆಗೆ 12.

ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ಗಮನಿಸಿ. ಗಣಿತಕ್ಕಿಂತ ಜಾಸ್ತಿ ಕ್ರೆಡಿಟ್ ಇರುವುದು ಬರವಣಿಗೆ ಮತ್ತು ಮಾತಿಗೆ. ಇದು ಸರಿಯಾದ ತೂಕ ಎಂದೇ ನನ್ನ ನಂಬಿಕೆ. ಜೀವವಿಜ್ಞಾನಿ ಕೊನೆಗೆ ಕೈಗಿಡುವುದು ಒಂದು ವರದಿಯನ್ನು. ಅದನ್ನು ಓದುವವರು ಎಂಜಿನಿಯರ್, ಅಧಿಕಾರಿ, ವಕೀಲರು, ಊರಿನ ಜನ. ಅವರಿಗೆ ಅರ್ಥವಾಗದಿದ್ದರೆ ಆರು ತಿಂಗಳ ಸಮೀಕ್ಷೆ ಫೈಲಿನಲ್ಲೇ ಉಳಿದುಬಿಡುತ್ತದೆ.

ಈಗ ನಿಮ್ಮ ಅಂಕಪಟ್ಟಿಯನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಬಯೋಟೆಕ್ನಾಲಜಿ ಓದಿದವರ ಪೇಪರ್‌ಗಳು ಹೆಚ್ಚಾಗಿ ಜೀವಕೋಶ, ವಂಶವಾಹಿ, ಜೀವರಸಾಯನ, ಸೂಕ್ಷ್ಮಜೀವಿ, ರೋಗನಿರೋಧಕ ವ್ಯವಸ್ಥೆ, ಇವುಗಳ ಸುತ್ತಲೇ ಇರುತ್ತವೆ. ಅದೆಲ್ಲ ಕಷ್ಟದ, ಗಟ್ಟಿ ಓದು. ಪ್ರಯೋಗಾಲಯದ ಕೆಲಸಕ್ಕೆ ಅರ್ಜಿ ಹಾಕಿದ್ದರೆ ಅದೇ ನಿಮ್ಮ ಬಲವಾಗುತ್ತಿತ್ತು. ನೀವು ಕೇಳಿರುವುದು ಹೊಲ, ಹೊಳೆ, ಕಾಡಿನಲ್ಲಿ ಮಾಡುವ ಕೆಲಸದ ನೋಂದಣಿ. ಅಲ್ಲಿ ಇಡೀ ಜೀವಿಯನ್ನು ಕಂಡು ಗುರುತಿಸಬೇಕು, ಅದು ಬದುಕುವ ಜಾಗವನ್ನು ಅರಿಯಬೇಕು.

ಸಂಖ್ಯಾಶಾಸ್ತ್ರ ಯಾಕೆ ಅಂತೀರಾ? ಒಂದು ಕೊಳದಲ್ಲಿ ಅಪರೂಪದ ಕಪ್ಪೆ ಇದೆಯೇ ಎಂದು ನೋಡಲು ನಿಮ್ಮನ್ನು ಕಳಿಸಿದ್ದಾರೆ ಎಂದುಕೊಳ್ಳಿ. ಕಪ್ಪೆ ಅಲ್ಲಿ ಇದ್ದರೂ, ಒಂದು ಭೇಟಿಯಲ್ಲಿ ಅದು ಕಣ್ಣಿಗೆ ಬೀಳುವ ಸಾಧ್ಯತೆ ನೂರಕ್ಕೆ 30 ಮಾತ್ರ ಎಂದಿರಲಿ. ನೀವು ಮೂರು ಸಲ ಹೋದಿರಿ, ಮೂರು ಸಲವೂ ಕಾಣಲಿಲ್ಲ. ‘ಇಲ್ಲಿ ಕಪ್ಪೆ ಇಲ್ಲ’ ಎಂದು ಬರೆಯಬಹುದಾ? ಲೆಕ್ಕ ಹಾಕಿದರೆ, ಕಪ್ಪೆ ಇದ್ದೂ ಮೂರು ಸಲವೂ ತಪ್ಪಿಹೋಗುವ ಸಾಧ್ಯತೆ ನೂರಕ್ಕೆ ಸುಮಾರು 34. ಇದು ಗೊತ್ತಿಲ್ಲದವರು ಧೈರ್ಯವಾಗಿ ಸಹಿ ಹಾಕುತ್ತಾರೆ. ಮರುದಿನ ಕೊಳಕ್ಕೆ ಮಣ್ಣು ಬೀಳುತ್ತದೆ. ಗೊತ್ತಿದ್ದವರು ಇನ್ನೂ ಎಷ್ಟು ಭೇಟಿ ಬೇಕು ಎಂದು ಮೊದಲೇ ಹೇಳುತ್ತಾರೆ.

ರಸಾಯನಶಾಸ್ತ್ರವೂ ಹಾಗೆಯೇ. ಎರಡು ಹೊಳೆಗಳಲ್ಲಿ ಅಳೆದ ಒಟ್ಟು ಅಮೋನಿಯಾ ಒಂದೇ ಇರಬಹುದು. ಆದರೆ ನೀರಿನ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ) ಮತ್ತು ಉಷ್ಣಾಂಶ ಏರಿದಷ್ಟೂ ಅದರಲ್ಲಿ ಮೀನಿಗೆ ವಿಷವಾಗುವ ರೂಪದ ಪಾಲು ಹೆಚ್ಚುತ್ತದೆ. ಜೊತೆಗೆ ನೀರು ಬಿಸಿಯಾದರೆ ಅದರಲ್ಲಿ ಕರಗಿರಬಹುದಾದ ಆಮ್ಲಜನಕವೂ ಇಳಿಯುತ್ತದೆ: ಸೊನ್ನೆ ಡಿಗ್ರಿಯಲ್ಲಿ ಲೀಟರಿಗೆ ಸುಮಾರು 14.6 ಮಿಲಿಗ್ರಾಂ, 20 ಡಿಗ್ರಿಯಲ್ಲಿ ಸುಮಾರು 9.1, 30 ಡಿಗ್ರಿಯಲ್ಲಿ ಸುಮಾರು 7.6. ಒಂದು ಹೊಳೆಯ ಮೀನು ಬದುಕುತ್ತದೆ, ಇನ್ನೊಂದರದ್ದು ಸಾಯುತ್ತದೆ, ಪ್ರಯೋಗಾಲಯದ ಚೀಟಿಯಲ್ಲಿ ಅಮೋನಿಯಾ ಅಂಕಿ ಮಾತ್ರ ಎರಡಕ್ಕೂ ಒಂದೇ. ಆ ಚೀಟಿಯನ್ನು ಓದಲು ಬರುತ್ತದೆಯೇ ಎಂಬುದೇ ಅವರ ಪ್ರಶ್ನೆ.

ಇನ್ನು ಸಿಲಬಸ್ ವಿಷಯ. ‘ಅನ್ವಯಿಕ ಜೀವವಿಜ್ಞಾನ–3’ ಎಂದು ಅಂಕಪಟ್ಟಿಯಲ್ಲಿದ್ದರೆ ಅದರೊಳಗೆ ಏನಿತ್ತು ಎಂದು ದೂರದಲ್ಲಿ ಕೂತವರಿಗೆ ಹೇಗೆ ತಿಳಿಯಬೇಕು? ಎಷ್ಟೋ ಸಲ ಬೇಕಾದ ಪಾಠ ಇಂಥ ಪೇಪರ್‌ಗಳ ಒಳಗೇ ಅಡಗಿರುತ್ತದೆ. ಹಾಗಾಗಿ ಸಿಲಬಸ್ ಕೇಳಿರುವುದು ನಿಮಗೇ ಅನುಕೂಲ. ನೀವು ಓದಿದ ವರ್ಷದ ಸಿಲಬಸ್ಸೇ ಬೇಕು, ಈಗಿನದ್ದಲ್ಲ. ಪಾಠದ ಗಂಟೆ, ಪ್ರಾಕ್ಟಿಕಲ್ ಗಂಟೆ, ಯೂನಿಟ್‌ವಾರು ವಿಷಯ ಅದರಲ್ಲಿರಲಿ, ವಿಶ್ವವಿದ್ಯಾಲಯದ ಸಹಿ ಮತ್ತು ಮೊಹರಿನ ಜೊತೆ. ಪ್ರಾಜೆಕ್ಟ್ ವರದಿ, ಫೀಲ್ಡ್ ವರ್ಕ್ ರೆಕಾರ್ಡ್ ಇದ್ದರೆ ಅದನ್ನೂ ಸೇರಿಸಿ. ಇನ್ನೂ ಓದುತ್ತಿರುವವರಿಗೆ ನನ್ನದೊಂದು ಕಳಕಳಿಯ ಮಾತು: ಪ್ರತಿ ಸೆಮಿಸ್ಟರ್‌ನ ಸಿಲಬಸ್ ಅನ್ನು ಅಂಕಪಟ್ಟಿಯ ಜೊತೆಯಲ್ಲೇ ಎತ್ತಿಡಿ. ಹತ್ತು ವರ್ಷದ ನಂತರ ಹುಡುಕುವುದು ತುಂಬಾ ಕಷ್ಟ. ಐಚ್ಛಿಕ ಪೇಪರ್ ಆರಿಸುವಾಗ ಸುಲಭವಾಗಿ ಅಂಕ ಬರುವುದನ್ನು ನೋಡುವ ಬದಲು, ನಿಮ್ಮ ವೃತ್ತಿಯ ಪಟ್ಟಿಯಲ್ಲಿ ಏನು ಖಾಲಿ ಇದೆ ಎಂದು ನೋಡಿ.

ಎಂ.ಎಸ್‌ಸಿ. ಮಾಡಿದರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಸುಮ್ನೆ ಒಂದು ಎಂ.ಎಸ್‌ಸಿ. ಮಾಡಿದರೆ ಆಗುವುದಿಲ್ಲ. ಮತ್ತೆ ಬಯೋಟೆಕ್ನಾಲಜಿಯಲ್ಲೇ ಎರಡು ವರ್ಷ ಕಳೆದರೆ ಇದ್ದ ಬಲ ಇನ್ನಷ್ಟು ಹೆಚ್ಚಬಹುದು, ಖಾಲಿ ಜಾಗ ಮಾತ್ರ ಖಾಲಿಯೇ ಉಳಿಯುತ್ತದೆ. ಇಕಾಲಜಿ ಅಥವಾ ಸಂರಕ್ಷಣಾ ಜೀವವಿಜ್ಞಾನದ ಎಂ.ಎಸ್‌ಸಿ. ಆದರೆ ಮಾತು ಬೇರೆ. ಅದಕ್ಕೆ ಸಮಯ, ಹಣ ಎರಡೂ ಇದ್ದರೆ ಖಂಡಿತ ಮಾಡಿ. ಇಲ್ಲದಿದ್ದರೆ ಕೊರತೆಯಿರುವ ಪೇಪರ್‌ಗಳನ್ನಷ್ಟೇ ಬಿಡಿಬಿಡಿಯಾಗಿ ಓದುವ ದಾರಿಯನ್ನು ಮೊದಲು ನೋಡಿ. ಹಾಗೆ ಓದಲು ಅವಕಾಶ ಕೊಡುವ ವಿಶ್ವವಿದ್ಯಾಲಯಗಳಿವೆ. ಪರೀಕ್ಷೆ, ಅಂಕ, ಕ್ರೆಡಿಟ್ ಮೂರೂ ಇರುವ ಪಾಠವನ್ನೇ ಆರಿಸಿ. ಹಾಜರಾತಿಗೆ ಮಾತ್ರ ಸಿಗುವ ವಾರದ ತರಬೇತಿಯ ಸರ್ಟಿಫಿಕೇಟನ್ನು ಇದರ ಜಾಗದಲ್ಲಿ ನೆಚ್ಚಿಕೊಳ್ಳಬೇಡಿ.

ನೀವು ಈಗ ಮಾಡುತ್ತಿರುವ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಓದಿನ ಜೊತೆ ಕೆಲವು ವರ್ಷಗಳ ಅನುಭವವನ್ನೂ ಹೆಚ್ಚಿನ ಸಂಸ್ಥೆಗಳು ಕೇಳುತ್ತವೆ. ವೈಲ್ಡ್‌ಲೈಫ್ ಸೊಸೈಟಿಯಲ್ಲಿ ಪೂರ್ಣ ಪ್ರಮಾಣಪತ್ರಕ್ಕೆ ಐದು ವರ್ಷ. ಅಲ್ಲಿ ಓದು ಮುಗಿಸಿ ಅನುಭವ ಇನ್ನೂ ಸಾಲದವರಿಗೆ ಸಹಾಯಕ ಹಂತವೊಂದಿದೆ. ಇಂಥ ಹಂತ ನೀವು ಅರ್ಜಿ ಹಾಕಿದ ಕಡೆಯೂ ಇದ್ದರೆ ಅದಕ್ಕೆ ಮೊದಲು ಸೇರಿಕೊಳ್ಳಲು ಹಿಂಜರಿಯಬೇಡಿ. ಅಲ್ಲಿಯವರೆಗೆ ಯಾವ ಸಮೀಕ್ಷೆ, ನಿಮ್ಮ ಪಾಲು ಏನು, ಯಾವ ವಿಧಾನ, ಯಾರ ಮೇಲ್ವಿಚಾರಣೆ ಎಂದು ಕೆಲಸ ನಡೆದಾಗಲೇ ಬರೆದಿಟ್ಟುಕೊಳ್ಳಿ.

ಈ ವಾರ ಮಾಡಬೇಕಾದದ್ದು ಒಂದೇ ಪತ್ರ. ಯಾವ ವಿಷಯದಲ್ಲಿ ಎಷ್ಟು ಕ್ರೆಡಿಟ್ ಕಡಿಮೆ ಬಿದ್ದಿದೆ ಎಂದು ಆ ಸಂಸ್ಥೆಯನ್ನು ಲಿಖಿತವಾಗಿ ಕೇಳಿ. ನೀವು ಓದಬೇಕೆಂದಿರುವ ಪೇಪರ್‌ನ ಸಿಲಬಸ್ ಲಗತ್ತಿಸಿ, ಇದನ್ನು ಒಪ್ಪುತ್ತೀರಾ ಎಂದೂ ಕೇಳಿ. ಒಪ್ಪಿಗೆ ಕೈಗೆ ಬಂದಮೇಲೆ ಮಾತ್ರ ಶುಲ್ಕ ಕಟ್ಟಿ.