ಯಾವ ಕುರ್ದರಿಗೆ, ಯಾರ ನಿರ್ಧಾರದಿಂದ? ಲೇಖಕರೊಬ್ಬರಿಗೆ ಉತ್ತರ

ಆತ್ಮೀಯರೇ,

ಐಸಿಸ್ ಉಗ್ರರ ವಿರುದ್ಧ ಹೋರಾಡಲು ಇರಾಕಿನ ಕುರ್ದರಿಗೆ 2014ರಲ್ಲಿ ಜರ್ಮನಿ ಶಸ್ತ್ರ ಕೊಟ್ಟದ್ದರ ಬಗ್ಗೆ ನೀವು ಕಳಿಸಿದ 'ಕುರ್ದರ ಬೆನ್ನಿಗೆ ಜರ್ಮನಿ' ಲೇಖನವನ್ನು ಪೂರ್ತಿ ಓದಿದ್ದೇವೆ. ಈಗಿನ ರೂಪದಲ್ಲಿ ಪ್ರಕಟಿಸಲಾಗದು. ಹಾಗೆಂದು ವಾಪಸ್ ಕಳಿಸಿ ಸುಮ್ಮನಾಗುವಂಥ ಬರಹವೂ ಅಲ್ಲ. ಕನ್ನಡದಲ್ಲಿ ಈ ವಿಷಯಕ್ಕೆ ಕೈಹಾಕುವವರೇ ಕಡಿಮೆ. ಒಮ್ಮೆ ತಪ್ಪು ಅಚ್ಚಾದರೆ ತಿದ್ದುವವರು ಸಿಗುವುದಿಲ್ಲ, ಮುಂದೆ ಬರೆಯುವವರಿಗೆ ಅದೇ ಆಧಾರವಾಗಿಬಿಡುತ್ತದೆ. ಹಾಗಾಗಿ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇವೆ.

ಲೇಖನದ ಮುಖ್ಯ ದೋಷ ಒಂದೇ. 'ಜರ್ಮನಿ' ಎಂದರೆ ಒಬ್ಬ ಮನುಷ್ಯ, 'ಕುರ್ದರು' ಎಂದರೆ ಒಂದು ಮನೆತನ ಎಂಬಂತೆ ಮೊದಲಿನಿಂದ ಕೊನೆಯವರೆಗೂ ಬರೆದಿದ್ದೀರಿ. ಉಳಿದ ತಪ್ಪುಗಳೆಲ್ಲ ಇದರಿಂದಲೇ ಹುಟ್ಟಿವೆ.

ಎರಡನೇ ಪುಟದಲ್ಲಿ 'ಜರ್ಮನ್ ಸಂಸತ್ತು ಶಸ್ತ್ರ ಪೂರೈಕೆಗೆ ಒಪ್ಪಿಗೆ ಕೊಟ್ಟಿತು' ಎಂದಿದೆ. ನಡೆದದ್ದು ಬೇರೆ. 2014ರ ಆಗಸ್ಟ್ 31ರಂದು ಚಾನ್ಸಲರ್ ಆಂಗೆಲಾ ಮರ್ಕೆಲ್ ಮತ್ತು ಸಂಬಂಧಪಟ್ಟ ಸಚಿವರು ನಿರ್ಧಾರ ಮಾಡಿಯಾಗಿತ್ತು. ಮರುದಿನ ಸಂಸತ್ತು, ಅಂದರೆ ಬುಂಡೆಸ್ಟಾಗ್, ವಿಶೇಷ ಅಧಿವೇಶನ ಸೇರಿ ಬೆಂಬಲದ ನಿರ್ಣಯ ಅಂಗೀಕರಿಸಿತು. ಆ ಮತಕ್ಕೆ ಸರ್ಕಾರವನ್ನು ಕಟ್ಟಿಹಾಕುವ ಬಲ ಇರಲಿಲ್ಲ, ಏಕೆಂದರೆ ಶಸ್ತ್ರ ಕಳಿಸುವುದು ಅಲ್ಲಿ ಸರ್ಕಾರದ ಅಧಿಕಾರ. ಶಸ್ತ್ರಸಜ್ಜಿತ ಕಾರ್ಯಾಚರಣೆಗೆ ಸೈನಿಕರನ್ನು ಕಳಿಸುವುದಾದರೆ ಮಾತ್ರ ಸಂಸತ್ತಿನ ಒಪ್ಪಿಗೆ ಕಡ್ಡಾಯ. ಸಂವಿಧಾನ ನ್ಯಾಯಾಲಯ 1994ರಲ್ಲೇ ಹಾಗೆಂದು ತೀರ್ಪು ಕೊಟ್ಟಿದೆ. ಇರಾಕಿನ ಕುರ್ದಿಸ್ತಾನ ಪ್ರಾಂತ್ಯದ ರಾಜಧಾನಿ ಎರ್ಬಿಲ್‌ಗೆ ತರಬೇತುದಾರರನ್ನು ಕಳಿಸುವ ಪ್ರಸ್ತಾಪಕ್ಕೆ 2015ರ ಜನವರಿ 29ರಂದು ನಡೆದ ಮತದಾನ ಆ ಜಾತಿಯದು. 100 ಸೈನಿಕರ ಮಿತಿ ಅದರಲ್ಲೇ ಇತ್ತು. ಈ ಎರಡು ಮತದಾನಗಳನ್ನು ನೀವು ಒಂದೇ ಮಾಡಿಬಿಟ್ಟಿದ್ದೀರಿ. ಬಿಡಿಸಿ ಬರೆದರೆ ನಿಮಗೇ ಒಂದು ಒಳ್ಳೆಯ ಪ್ಯಾರಾ ಸಿಗುತ್ತದೆ: ಸರ್ಕಾರ ಸಂವಿಧಾನದ 24ನೇ ವಿಧಿಯ ಸಾಮೂಹಿಕ ಭದ್ರತೆಯ ಆಸರೆ ಪಡೆಯಿತು, ಆಸಕ್ತ ದೇಶಗಳೆಲ್ಲ ಸೇರಿಕೊಂಡ ಮಾತ್ರಕ್ಕೆ ಅದು ಸಾಮೂಹಿಕ ಭದ್ರತಾ ವ್ಯವಸ್ಥೆ ಆಗುವುದಿಲ್ಲ ಎಂದು ವಿರೋಧಿಗಳು ಹಿಡಿದುಕೊಂಡರು.

'ಕುರ್ದಿಸ್ತಾನದೊಂದಿಗೆ ರಾಜತಾಂತ್ರಿಕ ಸಂಬಂಧ' ಎಂಬ ಮಾತೂ ನಿಲ್ಲುವುದಿಲ್ಲ. ಜರ್ಮನಿಯ ರಾಯಭಾರ ಕಚೇರಿ ಇರುವುದು ಬಾಗ್ದಾದ್‌ನಲ್ಲಿ. ಎರ್ಬಿಲ್‌ನಲ್ಲಿರುವುದು ಕಾನ್ಸುಲೇಟ್ ಜನರಲ್. 2005ರ ಇರಾಕ್ ಸಂವಿಧಾನದ 110ನೇ ವಿಧಿ ವಿದೇಶಾಂಗ ನೀತಿ, ರಕ್ಷಣೆ ಎರಡನ್ನೂ ಕೇಂದ್ರಕ್ಕೆ ಕೊಟ್ಟಿದೆ. 121ನೇ ವಿಧಿ ಪ್ರಾಂತ್ಯಕ್ಕೆ ತನ್ನದೇ ಕಾವಲು ಪಡೆ ಇಟ್ಟುಕೊಳ್ಳಲು ಬಿಟ್ಟಿದೆ. ಇರಾಕಿ ಕುರ್ದರ ಪೆಶ್ಮೆರ್ಗಾ ಪಡೆಯ ಕಾನೂನುಬದ್ಧ ನೆಲೆ ಇದೇ. ಶಸ್ತ್ರ ಹೊತ್ತ ವಿಮಾನಗಳು ಎರ್ಬಿಲ್‌ಗೆ ಹೋಗುವ ಮೊದಲು ಬಾಗ್ದಾದ್‌ನಲ್ಲಿ ಇಳಿದು ಇರಾಕಿ ಅಧಿಕಾರಿಗಳ ತಪಾಸಣೆಗೆ ಒಳಗಾಗುತ್ತಿದ್ದುದು ಇದೇ ಕಾರಣಕ್ಕೆ. ನೀವು ಅದನ್ನು 'ಅನಗತ್ಯ ವಿಳಂಬ' ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದೀರಿ. ಆ ನಿಲುಗಡೆ ಇಲ್ಲದಿದ್ದರೆ ಜರ್ಮನಿ ಒಂದು ದೇಶದ ಒಳಗಿನ ಪಡೆಗೆ ಆ ದೇಶವನ್ನೇ ಕೇಳದೆ ಶಸ್ತ್ರ ಕೊಟ್ಟಂತಾಗುತ್ತಿತ್ತು. ನಿಜವಾದ ಎಡವಟ್ಟು ಬೇಕಿದ್ದರೆ ಇದನ್ನು ಬರೆಯಿರಿ: ತರಬೇತುದಾರರನ್ನು ಹೊತ್ತು ಹೊರಟ ಹಳೆಯ ಟ್ರಾನ್ಸಾಲ್ ವಿಮಾನ ಬಲ್ಗೇರಿಯಾದಲ್ಲಿ ಕೆಟ್ಟು ನಿಂತಿತು.

ಈಗ ಶಸ್ತ್ರಗಳ ವಿಚಾರ. 'ಅತ್ಯಾಧುನಿಕ ಶಸ್ತ್ರಾಸ್ತ್ರಗಳ ಮಹಾಪೂರ' ಎಂಬ ಶೀರ್ಷಿಕೆ ತೆಗೆಯಿರಿ. ಸುಮಾರು 7 ಕೋಟಿ ಯೂರೋ ಮೌಲ್ಯದ ಮೊದಲ ಕಂತಿನಲ್ಲಿ ಮುಖ್ಯವಾಗಿ ಇದ್ದದ್ದು ಇಷ್ಟು: ಜಿ36 ಮತ್ತು ಜಿ3 ರೈಫಲ್‌ಗಳು ತಲಾ 8,000, ಪಿ1 ಪಿಸ್ತೂಲು 8,000, ಎಂಜಿ3 ಮಷಿನ್‌ಗನ್ 40, ಕೈಗ್ರೆನೇಡು 10,000, ಮಿಲಾನ್ ಲಾಂಚರ್ 30 ಮತ್ತು ಅದರ ಕ್ಷಿಪಣಿ 500, ಡಿಂಗೊ ಕವಚ ವಾಹನ 5. ಪಿ1 ಎಂದರೆ ಎರಡನೇ ಮಹಾಯುದ್ಧ ಕಾಲದ ವಾಲ್ಥರ್ ಪಿ38ರ ನಂತರದ ರೂಪ. ಜಿ3 ಶೀತಲ ಸಮರ ಕಾಲದ್ದು. ಬಹುಪಾಲು ಜರ್ಮನ್ ಸೇನೆಯ ಉಗ್ರಾಣದ ದಾಸ್ತಾನು.

ಎರಡೂ ರೈಫಲ್‌ಗಳಿಗೆ ಸೇರಿ 60 ಲಕ್ಷ ಗುಂಡು ಎಂದು ಬೆರಗಿನಿಂದ ಬರೆದಿದ್ದೀರಿ. ಭಾಗಿಸಿ ನೋಡಿ: ಒಂದು ರೈಫಲ್‌ಗೆ 375. ಜೋರು ಕಾಳಗದಲ್ಲಿ ಕೆಲವೇ ದಿನಕ್ಕೆ ಖಾಲಿ. ಇನ್ನೂ ದೊಡ್ಡ ತೊಡಕು ಗುಂಡಿನ ಅಳತೆಯದು. ಪೆಶ್ಮೆರ್ಗಾಗಳ ಕೈಯಲ್ಲಿದ್ದ ಕಲಾಶ್ನಿಕೋವ್‌ಗೆ ಬೇಕಾದದ್ದು 7.62×39 ಮಿ.ಮೀ. ಗುಂಡು. ಜಿ3ಗೆ 7.62×51, ಜಿ36ಗೆ 5.56×45. ಒಂದರದ್ದು ಇನ್ನೊಂದಕ್ಕೆ ನಡೆಯದು. ಊರ ಸಂತೆಯಲ್ಲಿ ಸಿಗುತ್ತಿದ್ದ, ಶತ್ರುವಿನಿಂದ ಕಸಿದುಕೊಳ್ಳಬಹುದಾಗಿದ್ದ ಕಲಾಶ್ನಿಕೋವ್ ಗುಂಡು ಹೊಸ ರೈಫಲ್‌ಗಳಿಗೆ ಬಾರದು. ಅವುಗಳ ಗುಂಡಿಗೆ ಮತ್ತೆ ಹೊರಗಿನ ಪೂರೈಕೆಯನ್ನೇ ಕಾಯಬೇಕು. ಶಸ್ತ್ರ ಕೊಟ್ಟವರಿಗೆ ಸಿಗುವ ಹಿಡಿತ ಎಲ್ಲಿಂದ ಬರುತ್ತದೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ.

ಮಿಲಾನ್ ಬಗ್ಗೆ ನೀವು ಬರೆದದ್ದು ನಾಲ್ಕೇ ಪದ, 'ಟ್ಯಾಂಕ್ ಧ್ವಂಸ ಮಾಡುವ ಕ್ಷಿಪಣಿ'. ಇಲ್ಲಿ ನಿಧಾನಿಸಿ. ಪೆಶ್ಮೆರ್ಗಾಗಳಿಗೆ ಅದು ಅಷ್ಟು ಬೇಕಾದದ್ದು ಟ್ಯಾಂಕ್‌ಗಾಗಿ ಮಾತ್ರವಲ್ಲ, ಉಕ್ಕಿನ ತಗಡು ಬಡಿದು ಸ್ಫೋಟಕ ತುಂಬಿ ಐಸಿಸ್ ನುಗ್ಗಿಸುತ್ತಿದ್ದ ಆತ್ಮಾಹುತಿ ಟ್ರಕ್ಕುಗಳಿಗಾಗಿ. ಕೆಲವು ನೂರು ಮೀಟರ್ ಹತ್ತಿರ ಬರುವ ತನಕ ಕಾದು ಹೆಗಲ ಮೇಲಿಟ್ಟು ಹಾರಿಸುವ ಆರ್‌ಪಿಜಿ ರಾಕೆಟ್ ಹೊಡೆದರೆ ಸ್ಫೋಟದ ಏಟು ಹೊಡೆದವರಿಗೂ ತಟ್ಟುತ್ತದೆ. ಮಿಲಾನ್ ಸುಮಾರು 2 ಕಿ.ಮೀ. ದೂರದಲ್ಲೇ ತಡೆಯಬಲ್ಲದು. ಕ್ಷಿಪಣಿ ಹಿಂದೆ ಸಣ್ಣ ತಂತಿ ಬಿಚ್ಚಿಕೊಳ್ಳುತ್ತ ಹಾರುತ್ತದೆ. ಹಾರಿಸಿದವನು ಗುರಿ ಮುಟ್ಟುವವರೆಗೂ ದುರ್ಬೀನಿನ ಗೆರೆಯನ್ನು ಟ್ರಕ್ಕಿನ ಮೇಲಿಂದ ಕದಲಿಸಬಾರದು. ಪೂರ್ತಿ ದೂರಕ್ಕೆ ಸುಮಾರು 12 ಸೆಕೆಂಡು. ಗಂಟೆಗೆ 60 ಕಿ.ಮೀ. ವೇಗದ ಟ್ರಕ್ಕಿಗೆ ಅದೇ 2 ಕಿ.ಮೀ. ದಾಟಲು ಎರಡು ನಿಮಿಷ ಬೇಕು. ಮೊದಲನೆಯದು ತಪ್ಪಿದರೂ ಎರಡನೆಯದಕ್ಕೆ ಅವಕಾಶ ಉಳಿಯುತ್ತದೆ, ಕೈ ನಡುಗದಿದ್ದರೆ. ಲಾಂಚರಿಗೆ ಹದಿನಾರು ಹದಿನೇಳು ಕ್ಷಿಪಣಿ ಮಾತ್ರ ಇದ್ದಾಗ ಕಲಿಯುವುದಕ್ಕೆಂದು ಹಾರಿಸಲೂ ಆಗದು. ಪೆಶ್ಮೆರ್ಗಾಗಳ ಒಂದು ತಂಡವನ್ನು ಜರ್ಮನಿಯ ಹ್ಯಾಮೆಲ್‌ಬುರ್ಗ್ ಪದಾತಿ ಶಾಲೆಗೇ ಕರೆಸಿ ಕಲಿಸಿದ್ದನ್ನು ಇದರ ಪಕ್ಕದಲ್ಲಿಡಿ, ಅದರ ತೂಕ ಓದುಗರಿಗೆ ತಿಳಿಯುತ್ತದೆ.

ಇನ್ನು 'ಕುರ್ದರು'. 2014ರ ಆಗಸ್ಟ್ 3ರಂದು ಐಸಿಸ್ ಉತ್ತರ ಇರಾಕಿನ ಸಿಂಜಾರ್ ಮೇಲೆ ಬಿದ್ದಾಗ ಪೆಶ್ಮೆರ್ಗಾ ಅಲ್ಲಿನ ಯಾಜಿದಿ ಎಂಬ ಅಲ್ಪಸಂಖ್ಯಾತ ಧರ್ಮದವರನ್ನು ಕಾಪಾಡಿತು ಎಂದಿದ್ದೀರಿ. ಇದನ್ನು ಯಾವ ಕಾರಣಕ್ಕೂ ಅಚ್ಚು ಮಾಡಲಾರೆವು. ಅಲ್ಲಿದ್ದ ಪೆಶ್ಮೆರ್ಗಾ ಹಿಂದೆ ಸರಿಯಿತು. ಓಡಿಹೋಗಿ ಸಿಂಜಾರ್ ಬೆಟ್ಟ ಹತ್ತಿದ್ದ ಯಾಜಿದಿಗಳಿಗೆ ಸಿರಿಯಾ ಕಡೆಗೆ ದಾರಿ ಬಿಡಿಸಿದ್ದು ಮುಖ್ಯವಾಗಿ ಸಿರಿಯಾದ ಕುರ್ದ್ ಪಡೆ ವೈಪಿಜಿ ಮತ್ತು ಟರ್ಕಿಯ ಕುರ್ದ್ ಬಂಡಾಯ ಸಂಘಟನೆ ಪಿಕೆಕೆಯ ಹೋರಾಟಗಾರರು. ಅದೇ ಪಿಕೆಕೆ ಜರ್ಮನಿಯಲ್ಲಿ 1993ರಿಂದ ನಿಷೇಧಿತ. ಶಸ್ತ್ರ ಹೋದದ್ದು ಹಿಂದೆ ಸರಿದವರ ಸರ್ಕಾರಕ್ಕೆ, ದಾರಿ ಬಿಡಿಸಿದವರಿಗಲ್ಲ. ಈ ಕಹಿ ನಿಮ್ಮ ಲೇಖನದ ಬೆನ್ನೆಲುಬಾಗಬೇಕಿತ್ತು. ಬದುಕುಳಿದ ಸಾವಿರದಷ್ಟು ಹೆಂಗಸರು ಮಕ್ಕಳನ್ನು ಬಾಡೆನ್-ವುರ್ಟೆಂಬರ್ಗ್ ರಾಜ್ಯ ಕರೆಸಿಕೊಂಡದ್ದು, 2023ರ ಜನವರಿ 19ರಂದು ಬುಂಡೆಸ್ಟಾಗ್ ಯಾಜಿದಿಗಳ ಮೇಲಿನ ಐಸಿಸ್ ಕೃತ್ಯಗಳನ್ನು ನರಮೇಧವೆಂದು ಒಪ್ಪಿದ್ದು ಆ ಪ್ಯಾರಾಕ್ಕೇ ಸೇರಲಿ.

ಪೆಶ್ಮೆರ್ಗಾ ಒಳಗೂ ಒಡಕಿತ್ತು. ಇರಾಕಿ ಕುರ್ದರ ಎರಡು ಮುಖ್ಯ ಪಕ್ಷಗಳಾದ ಕೆಡಿಪಿಯ 80ನೇ ಘಟಕ, ಪಿಯುಕೆಯ 70ನೇ ಘಟಕ, ಸಚಿವಾಲಯದ ಕೈಕೆಳಗಿನ ಜಂಟಿ ಬ್ರಿಗೇಡುಗಳು ಆಗ ಬೇರೆಬೇರೆ. ತೊಂಬತ್ತರ ದಶಕದಲ್ಲಿ ಈ ಎರಡು ಪಕ್ಷಗಳೇ ಒಂದರ ಮೇಲೊಂದು ಯುದ್ಧ ಮಾಡಿವೆ. ಎರ್ಬಿಲ್‌ನಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟ ರೈಫಲ್ ಕೊನೆಗೆ ಯಾರ ಹೆಗಲೇರಿತು ಎಂಬ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ. 2016ರ ಜನವರಿಯಲ್ಲಿ ಜರ್ಮನಿಯ ಎನ್‌ಡಿಆರ್, ಡಬ್ಲ್ಯುಡಿಆರ್ ಪ್ರಸಾರ ಸಂಸ್ಥೆಗಳ ವರದಿಗಾರರಿಗೆ ಎರ್ಬಿಲ್ ಮತ್ತು ಸುಲೈಮಾನಿಯಾ ಸಂತೆಗಳಲ್ಲಿ ಜರ್ಮನ್ ಸೇನೆಯ ಮುದ್ರೆಯಿದ್ದ ಜಿ3, ಪಿ1 ಮಾರಾಟಕ್ಕೆ ಸಿಕ್ಕವು. ನೀವು ಇದನ್ನು 'ದುರಾಸೆ' ಎಂದಿದ್ದೀರಿ. ಬಾಗ್ದಾದ್ ಬಜೆಟ್ ಪಾಲು ತಡೆದಿತ್ತು, ತೈಲ ಬೆಲೆ ಕುಸಿದಿತ್ತು, ಪೆಶ್ಮೆರ್ಗಾಗಳಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಮನೆಯಲ್ಲಿ ಒಲೆ ಹೊತ್ತಿಸಲು ಬಂದೂಕು ಮಾರಿದವನನ್ನು ದುರಾಸೆಯವನು ಎನ್ನುವ ಮೊದಲು ಈ ಮೂರು ಕಾರಣ ಬರೆಯಿರಿ.

ಟರ್ಕಿಯ ಪ್ಯಾರಾ ಚಿಕ್ಕದಾದರೂ ಸರಿಯಾಗಿದೆ. ಜರ್ಮನಿ ಹಿಂದೆ ಟರ್ಕಿಗೆ ಕೊಟ್ಟಿದ್ದ ಲೆಪರ್ಡ್ 2ಎ4 ಟ್ಯಾಂಕುಗಳು 2018ರ ಜನವರಿಯಲ್ಲಿ ಉತ್ತರ ಸಿರಿಯಾದ ಆಫ್ರಿನ್‌ನಲ್ಲಿ ವೈಪಿಜಿ ಮೇಲೆ ಹರಿದವು ಎಂಬುದನ್ನು ಮಾತ್ರ ಸೇರಿಸಿ. ಇರಾಕಿ ಕುರ್ದರು ಸ್ವಾತಂತ್ರ್ಯಕ್ಕಾಗಿ ನಡೆಸಿದ 2017ರ ಜನಮತಗಣನೆಗೆ ಎರಡು ಸಾಲು ಸಾಕು: ಸೆಪ್ಟೆಂಬರ್ 25ಕ್ಕೆ ಮತದಾನ, ಅಕ್ಟೋಬರ್‌ನಲ್ಲಿ ಕಿರ್ಕುಕ್ ನಗರ ಕುರ್ದರ ಕೈತಪ್ಪಿ ಬಾಗ್ದಾದ್ ಪಾಲಾಯಿತು, ಜರ್ಮನಿ ತರಬೇತಿಯನ್ನು ಸ್ವಲ್ಪ ಕಾಲ ನಿಲ್ಲಿಸಿತು.

ಹನ್ನೆರಡನೇ ಶತಮಾನದ ಕುರ್ದ್ ಮೂಲದ ಸುಲ್ತಾನ ಸಲಾದಿನ್‌ನಿಂದ ಶುರುವಾಗುವ ಮೊದಲ ಒಂದೂವರೆ ಪುಟ ಪೂರ್ತಿ ತೆಗೆಯಿರಿ. ಅದರ ಜಾಗಕ್ಕೆ ಇರಾಕಿನ ಕುರ್ದ್ ಊರು ಹಲಬ್ಜಾ ಮೇಲೆ 1988ರ ಮಾರ್ಚ್ 16ರಂದು ಸದ್ದಾಂನ ಪಡೆ ನಡೆಸಿದ ವಿಷಾನಿಲ ದಾಳಿ ಬರಲಿ. ಸದ್ದಾಂನ ರಾಸಾಯನಿಕ ಅಸ್ತ್ರಗಳ ಘಟಕಗಳಿಗೆ ಉಪಕರಣ ಒದಗಿಸಿದವುಗಳಲ್ಲಿ ಜರ್ಮನ್ ಕಂಪನಿಗಳೂ ಇದ್ದವು. ನಂತರ ಬರ್ಲಿನ್‌ನ ಮಿಕೊನೊಸ್ ಹೋಟೆಲಿನಲ್ಲಿ 1992ರ ಸೆಪ್ಟೆಂಬರ್ 17ರಂದು ಇರಾನಿ ಕುರ್ದ್ ನಾಯಕ ಸಾದೆಗ್ ಶರಫ್‌ಕಂದಿ ಹತ್ಯೆ, 1997ರಲ್ಲಿ ಇರಾನ್ ನಾಯಕತ್ವವನ್ನೇ ಹೊಣೆ ಮಾಡಿದ ತೀರ್ಪು. ಅಲ್ಲಿಂದ ನೇರ 2014ಕ್ಕೆ ಬನ್ನಿ.

ಒಟ್ಟು 1,800 ಪದ ಮೀರದಿರಲಿ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ. ಸಿಂಜಾರ್ ಭಾಗವನ್ನು ಹೊಸದಾಗಿ ಬರೆದು ಅದೊಂದನ್ನೇ ಮೊದಲು ಕಳಿಸಿ, ಅದನ್ನು ನೋಡಿ ಉಳಿದದ್ದರ ಬಗ್ಗೆ ಬರೆಯುತ್ತೇವೆ.

ಸಂಪಾದಕ ಬಳಗ