ಲೈನ್ ಮನೆಯ ಮಕ್ಕಳಿಗೆ ಸ್ವಂತವಾಗಿ ಬರೆಯಲು ಕಲಿಸುವುದು ಹೇಗೆ?

ಕೊಡಗಿನ ಕಾಫಿ ತೋಟಗಳ ಲೈನ್ ಮನೆಯಿಂದ (ತೋಟದ ಕೆಲಸಗಾರರ ಸಾಲು ಮನೆ) ಬರುವ ಅಸ್ಸಾಂ ಕಡೆಯ ಮಕ್ಕಳು ಬೋರ್ಡ್ ನೋಡಿ ಬರೆಯುತ್ತಾರೆ, ಸ್ವಂತವಾಗಿ ಎರಡು ಸಾಲೂ ಬರೆಯಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಮೊದಲು ಬಾಯಲ್ಲಿ ಹೇಳಿಸಿ, ಆಮೇಲೆ ಬರೆಸಿ.

ಬರೆಯುವಾಗ ತಲೆಗೆ ಎರಡು ಕೆಲಸ: ಏನು ಹೇಳಬೇಕೆಂದು ಯೋಚಿಸುವುದು, ಅದಕ್ಕೆ ಪದ, ಅಕ್ಷರ ಹುಡುಕುವುದು. ಹೊಸ ಭಾಷೆಯಲ್ಲಿ ಎರಡನೆಯದೇ ಶಕ್ತಿಯನ್ನೆಲ್ಲ ತಿಂದುಬಿಡುತ್ತದೆ. ಮಗುವಿಗೆ ವಿಷಯ ಗೊತ್ತಿಲ್ಲ ಅಂತಲ್ಲ.

ಹಾಗಾಗಿ ಅದಕ್ಕೆ ಗೊತ್ತಿರುವುದನ್ನೇ ಕೇಳಿ. ಕಾಫಿ ಕುಯ್ಲಿನ ದಿನ ಅಮ್ಮ ಏನು ಮಾಡಿದರು? "ಅಮ್ಮ ಹಣ್ಣು ಕುಯ್ದ್ರು. ಸಂಜೆ ಚೀಲ ತೂಕ ಮಾಡಿದ್ರು." ಅದೇ ಮಾತನ್ನು ಬೋರ್ಡ್ ಮೇಲೆ ಬರೆಯಿರಿ, ಓದಿಸಿ, ಅಳಿಸಿ, ಈಗ ನೀನು ಬರಿ ಅನ್ನಿ. ಮಾರನೇ ದಿನ ಇನ್ನೊಂದು ಸಾಲು ಸೇರಿಸಲಿ. ಪದ ಸಿಗದಿದ್ದರೆ ಮನೆಮಾತಿನಲ್ಲೇ ಹೇಳಲಿ, ಚೆನ್ನಾಗಿ ಕನ್ನಡ ಬರುವ ಗೆಳೆಯ ತಿಳಿಸಿಕೊಡುತ್ತಾನೆ. ಮನೆಯಲ್ಲಿ ಎರವ ಬುಡಕಟ್ಟಿನ ಭಾಷೆ ಆಡುವ ಹಾಡಿಯ (ಬುಡಕಟ್ಟು ಜನರ ಊರು) ಮಕ್ಕಳಿಗೂ ಇದೇ ದಾರಿ.

ತಪ್ಪುಗಳನ್ನೆಲ್ಲ ಒಂದೇ ಸಲ ಕೆಂಪು ಮಾಡಬೇಡಿ. "ಹಳ್ಳಿ" ಬದಲು "ಹಲ್ಲಿ" ಬರೆದರೆ ಅದು ಅಸಡ್ಡೆ ಅಲ್ಲ. ಅಸ್ಸಾಮಿ, ಬಂಗಾಳಿಯಲ್ಲಿ "ಳ" ಧ್ವನಿಯೇ ಇಲ್ಲ, ಕಿವಿಗೆ ವ್ಯತ್ಯಾಸ ಗೊತ್ತಾಗಲು ಟೈಮ್ ಬೇಕು, ಅಲ್ವಾ? ಆ ವಾರ ಅದೊಂದನ್ನೇ ತಿದ್ದಿ. ಕುಯ್ಲು ಮುಗಿದ ಮೇಲೆ ಎಷ್ಟೋ ಮನೆಯವರು ಬೇರೆ ತೋಟಕ್ಕೆ ಹೋಗುತ್ತಾರೆ. ಈ ಸಾಲುಗಳನ್ನು ಬರೆದ ನೋಟ್‌ಬುಕ್ ಮಗುವಿನ ಜೊತೆಗೇ ಕಳಿಸಿ, ಮುಂದಿನ ಟೀಚರ್‌ಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತದೆ.