ಸಂಪಾದಕರ ಉತ್ತರ: ‘ಇದು ನಮ್ಮ ಯಾದಗಿರಿಗಿ ಯಾವಾಗ ಬರ್ತದ್ರಿ?’

ಸುರಪುರ ತಾಲ್ಲೂಕಿನ ನಿವೃತ್ತ ಮಾಸ್ತರೊಬ್ಬರು ಉದ್ದನೆಯ ಕಾಗದ ಬರೆದಿದ್ದಾರೆ. ಅವರ ಮೊಮ್ಮಗನಿಗೆ ಥಲಸೀಮಿಯಾ, ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ. ಮೂರು ವಾರಕ್ಕೊಮ್ಮೆ ಕಲಬುರಗಿಗೆ ಕರೆತಂದು ರಕ್ತ ಹಾಕಿಸಬೇಕು. ಸೊಸೆಗೆ ಈಗ ಮತ್ತೆ ಮೂರು ತಿಂಗಳು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಿಗೆ ಜೀನೋಮ್ ಪರೀಕ್ಷೆ (ಒಬ್ಬರ ಅಷ್ಟೂ ಜೀನ್‌ಗಳನ್ನು ಓದಿ ನೋಡುವುದು) ಬಂದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಓದಿ ಹೀಗೆ ಕೇಳಿದ್ದಾರೆ: ‘ಇದು ನಮ್ಮ ಯಾದಗಿರಿಗಿ ಯಾವಾಗ ಬರ್ತದ್ರಿ? ಇಲ್ಲಾ, ಇದೂ ಬೆಂಗಳೂರಾಗೇ ಉಳಿಯಾದೇನು? ನನ್ನ ತಂಗಿ ಮಗಳನ್ನೇ ಸೊಸಿ ಮಾಡ್ಕೊಂಡ್ವಿ. ಅದಕ್ಕೇ ಹಿಂಗಾಯ್ತೇನು?’

ಮಾಸ್ತರರೇ,

ಇಂಗ್ಲೆಂಡಿನ ಮಾತು ಆಮೇಲೆ. ಮೊದಲು ನಿಮ್ಮ ಸೊಸೆಯ ವಿಷಯ, ಯಾಕಂದ್ರೆ ಅಲ್ಲಿ ವಾರಗಳ ಲೆಕ್ಕ ಇದೆ.

ಮೊಮ್ಮಗನಿಗೆ ಈ ಕಾಯಿಲೆ ಬಂದಿದೆ ಅಂದರೆ ಮಗ, ಸೊಸೆ ಇಬ್ಬರಲ್ಲೂ ದೋಷ ಇರುವ ಜೀನ್ ಒಂದೊಂದು ಇದೆ. ಅವರಿಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ‘ಒಂದಕ್ಕೆ ಬಂದಾಯ್ತು, ಇನ್ನು ಬರಲ್ಲ’ ಅಂತ ಯಾರಾದರೂ ಹೇಳಿದ್ದರೆ ನಂಬಬೇಡಿ. ಮಗುವಿಗೆ ಇದೆಯೋ ಇಲ್ಲವೋ ಅಂತ ಈಗಲೇ ತಿಳಿಯಬಹುದು. 11ರಿಂದ 13ನೇ ವಾರದೊಳಗಾದರೆ ಮಾಸಿನ ಸಣ್ಣ ಚೂರು ತೆಗೆದು ನೋಡುತ್ತಾರೆ. ಅದು ದಾಟಿದರೆ 16ನೇ ವಾರದ ಹೊತ್ತಿಗೆ ಗರ್ಭದ ನೀರು ತೆಗೆಯುತ್ತಾರೆ. ಅದಕ್ಕೂ ಮೊದಲು ಮಗ-ಸೊಸೆಯ ರಕ್ತದಲ್ಲಿ ಜೀನ್ ಎಲ್ಲಿ ಬದಲಾಗಿದೆ ಅಂತ ಹುಡುಕಿಟ್ಟುಕೊಳ್ಳಬೇಕು. ಅದಕ್ಕೂ ದಿನ ಹಿಡಿಯುತ್ತದೆ. ಹಾಗಾಗಿ ಈ ವಾರವೇ ಹೊರಡಿ.

‘ಹೊಟ್ಟೆಯೊಳಗಿನ ಪರೀಕ್ಷೆ ಮಾಡಿಸಿದರೆ ಕೇಸ್ ಆಗ್ತದ’ ಅಂತ ಊರಲ್ಲಿ ಯಾರೋ ಹೆದರಿಸಿದ್ದಾರಂತೆ. 1994ರ ಕಾನೂನು ನಿಷೇಧಿಸಿದ್ದು ಗಂಡೋ ಹೆಣ್ಣೋ ಎಂದು ನೋಡುವುದನ್ನು. ರಕ್ತದ ಇಂಥ ಕಾಯಿಲೆಗಳಿಗೆ, ನೋಂದಣಿ ಇರುವ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಲು ಅದೇ ಕಾನೂನಿನಲ್ಲಿ ಅವಕಾಶ ಇದೆ. ಫಲಿತಾಂಶ ಬಂದ ಮೇಲೆ ಏನು ಮಾಡಬೇಕು ಅನ್ನುವುದು ಮಾತ್ರ ಮಗ-ಸೊಸೆಯ ನಿರ್ಧಾರ. ಹಿರಿಯರಾಗಿ ನೀವು ಜೊತೆಗಿರಿ, ಸಾಕು.

ನೀವು ಕಾಗದದ ಜೊತೆ ಇಟ್ಟ ಜೆರಾಕ್ಸ್ ನೋಡಿದೆ. ಸೊಸೆಯ ಮೊದಲ ಬಸಿರಿನ ತಾಯಿ ಕಾರ್ಡು. ಹಿಮೋಗ್ಲೋಬಿನ್ 9.2. ಪಕ್ಕದಲ್ಲಿ ‘ಐರನ್ ಮಾತ್ರೆ’ ಅಂತ ಬರೆದಿದೆ. ಮುಂದಿನ ತಿಂಗಳೂ ಅದೇ, ಅದರ ಮುಂದಿನ ತಿಂಗಳೂ ಅದೇ. ಇಡೀ ಕಾಗದದಲ್ಲಿ ನನಗೆ ಸಿಟ್ಟು ತರಿಸಿದ್ದು ಇದು. ಮಾತ್ರೆ ನುಂಗಿದರೂ ರಕ್ತ ಏರುತ್ತಿಲ್ಲ ಅಂದಾಗ ಒಬ್ಬರಾದರೂ ‘ಇದು ಬೇರೆ ಏನೋ ಇರಬಹುದು’ ಅನ್ನಬೇಕಿತ್ತು.

ಅದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ. ನೆಸ್ಟ್ರಾಫ್ಟ್ ಅಂತ ಒಂದು ಪರೀಕ್ಷೆ ಇದೆ. ಗಾಜಿನ ಕೊಳವೆಯಲ್ಲಿ ತೆಳು ಉಪ್ಪುನೀರು, ಅದಕ್ಕೊಂದು ಹನಿ ರಕ್ತ. ಅರ್ಧ ಗಂಟೆ ಬಿಟ್ಟು, ಕಪ್ಪು ಗೆರೆ ಎಳೆದ ಬಿಳಿ ಹಾಳೆಯ ಮುಂದೆ ಹಿಡಿಯುತ್ತಾರೆ. ಸಾಮಾನ್ಯ ರಕ್ತದ ಕಣಗಳು ಆ ನೀರಿನಲ್ಲಿ ಒಡೆದುಹೋಗುತ್ತವೆ, ಆಚೆಗಿನ ಗೆರೆ ಸ್ಪಷ್ಟ ಕಾಣುತ್ತದೆ. ಥಲಸೀಮಿಯಾ ಜೀನ್ ಇರುವವರ ಕಣಗಳು ಒಡೆಯದೆ ಉಳಿದು ನೀರು ಮಬ್ಬಾಗುತ್ತದೆ, ಗೆರೆ ಕಾಣಲ್ಲ. ಮಬ್ಬಾದರೆ ಎಚ್‌ಪಿಎಲ್‌ಸಿ ಎಂಬ ಇನ್ನೊಂದು ರಕ್ತ ಪರೀಕ್ಷೆಗೆ ಕಳಿಸಬೇಕು. ಕೇಂದ್ರ ಆರೋಗ್ಯ ಇಲಾಖೆಯ 2016ರ ಮಾರ್ಗಸೂಚಿಯಲ್ಲೇ ಇದೆಲ್ಲ ಇದೆ. ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ಮಾಡುವ ಕೆಲಸ, ಅಲ್ವಾ?

ಈಗ ಇಂಗ್ಲೆಂಡ್. ಅಲ್ಲಿ 2012ರ ಕೊನೆಯಲ್ಲಿ ಒಂದು ಲಕ್ಷ ಜೀನೋಮ್ ಓದುವ ಯೋಜನೆ ಘೋಷಣೆ ಆಯಿತು, 2018ರ ಡಿಸೆಂಬರಿನಲ್ಲಿ ಆ ಲೆಕ್ಕ ಮುಟ್ಟಿತು. ಆದರೆ ನನಗೆ ದೊಡ್ಡದಾಗಿ ಕಾಣುವುದು ಆಮೇಲಿನ ಕೆಲಸ. ಯಾವ ಕಾಯಿಲೆಗೆ ಯಾವ ಪರೀಕ್ಷೆ, ಯಾರಿಗೆ ಮಾಡಬೇಕು, ಯಾವ ವಿಭಾಗದ ಡಾಕ್ಟರ್ ಬರೆಯಬಹುದು ಎಂದು ಇಡೀ ದೇಶಕ್ಕೆ ಒಂದೇ ಪಟ್ಟಿ ಮಾಡಿದರು. ಮಾದರಿ ಕಳಿಸಲು ಏಳು ಲ್ಯಾಬ್ ಜಾಲಗಳು. ಹಾಗಂತ ಎಲ್ಲರಿಗೂ ಉತ್ತರ ಸಿಕ್ಕಿಲ್ಲ. ಅಪರೂಪದ ಕಾಯಿಲೆಯವರ ಮೇಲೆ ಮೊದಲು ಮಾಡಿದ ಪ್ರಯೋಗದಲ್ಲಿ ಕಾಯಿಲೆ ಯಾವುದೆಂದು ಗೊತ್ತಾಗಿದ್ದು ಸುಮಾರು ನಾಲ್ಕರಲ್ಲಿ ಒಬ್ಬರಿಗೆ. ಇನ್ನು ಥಲಸೀಮಿಯಾಕ್ಕೆ ಅವರೂ ಇಡೀ ಜೀನೋಮ್ ಓದಿಸಲು ಹೋಗಲ್ಲ. ಗರ್ಭಿಣಿಯರಿಗೆ ಆದಷ್ಟೂ 10 ವಾರದೊಳಗೆ ಮಾಮೂಲಿ ರಕ್ತ ಪರೀಕ್ಷೆ, ಅಷ್ಟೇ.

‘ಯಾದಗಿರಿಗಿ ಯಾವಾಗ’ ಅಂತ ಕೇಳಿದ್ದೀರಿ. ಕಾಗದದ ಮೇಲೆ ಆಗಲೇ ಬಂದಿದೆ! 2019ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ‘ಉಮ್ಮೀದ್’ ಅಂತ ಒಂದು ಕಾರ್ಯಕ್ರಮ ಶುರು ಮಾಡಿತು. ಹುಟ್ಟಿನಿಂದ ಬರುವ ಕಾಯಿಲೆಗಳಿಗೆ ಗರ್ಭಿಣಿಯರನ್ನೂ ನವಜಾತ ಶಿಶುಗಳನ್ನೂ ಪರೀಕ್ಷಿಸಲು ದೇಶದಲ್ಲಿ ಆರಿಸಿದ ಹಿಂದುಳಿದ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಜಿಲ್ಲಾಸ್ಪತ್ರೆಯಲ್ಲಿ ಅದರ ಬಗ್ಗೆ ನೇರವಾಗಿ ಕೇಳಿ. ಕೇಳುವವರಿದ್ದರೆ ಇಂಥ ಯೋಜನೆಗಳು ಸ್ವಲ್ಪ ಜಾಸ್ತಿ ದಿನ ಬದುಕುತ್ತವೆ.

ಇನ್ನೊಂದು ಕಡೆ, ಜೀನೋಮ್ ಇಂಡಿಯಾ ಯೋಜನೆ 83 ಸಮುದಾಯಗಳ ಸುಮಾರು 10 ಸಾವಿರ ಜನರ ಜೀನೋಮ್ ಓದಿ ಮುಗಿಸಿದೆ. ಅದು ಸುಮ್ನೆ ಸಂಶೋಧನೆಯಲ್ಲ. ಆಪರೇಷನ್‌ಗೆ ಮುಂಚೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಔಷಧ ಆರ್ಯವೈಶ್ಯರಲ್ಲಿ ಕೆಲವರಿಗೆ ನಿಮಿಷಗಳಲ್ಲಿ ಇಳಿಯುವ ಬದಲು ಗಂಟೆಗಟ್ಟಲೆ ಇಳಿಯಲ್ಲ, ಅಷ್ಟು ಹೊತ್ತೂ ಉಸಿರಾಟಕ್ಕೆ ಯಂತ್ರವೇ ಗತಿ. ಅನುಭವ ಇರುವ ಅರಿವಳಿಕೆ ಡಾಕ್ಟರು ಮೊದಲೇ ವಿಚಾರಿಸುವುದು ಅದಕ್ಕೇ. ಇಂಥದ್ದು ಪರದೇಶದವರ ಜೀನೋಮ್ ಓದಿದರೆ ನಮಗೆ ಗೊತ್ತಾಗುತ್ತಿರಲಿಲ್ಲ.

ಆದರೂ ನಮ್ಮ ಭಾಗದಲ್ಲಿ ಹೆಚ್ಚು ಕೊರತೆ ಇರುವುದು ರಿಪೋರ್ಟ್ ಕೈಯಲ್ಲಿ ಹಿಡಿದು, ಎದುರಿಗೆ ಕೂತು, ನಮ್ಮ ಮಾತಿನಲ್ಲಿ ಅರ್ಧ ಗಂಟೆ ಬಿಡಿಸಿ ಹೇಳುವವರದ್ದು. ಕಲಬುರಗಿ, ಬೀದರ್, ಯಾದಗಿರಿ ಮೂರರಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆಂದೇ ಅನುದಾನವೂ ಇದೆ. ಒಂದೊಂದು ಕಾಲೇಜಿನಲ್ಲಿ ಇದೇ ಕೆಲಸಕ್ಕೆ ಇಬ್ಬರನ್ನು ನೇಮಿಸಿ ಅಂತ ಈ ಪತ್ರಿಕೆ ಕೇಳುತ್ತದೆ. ಕಟ್ಟಡ ಬೇಡ, ಉದ್ಘಾಟನೆಯೂ ಬೇಡ.

ತಂಗಿ ಮಗಳ ಪ್ರಶ್ನೆಗೆ ಬರುತ್ತೇನೆ. ಸಂಬಂಧದೊಳಗೆ ಮದುವೆಯಾದಾಗ ಒಂದೇ ಅಜ್ಜ-ಅಜ್ಜಿಯ ಜೀನ್ ಎರಡೂ ಕಡೆಯಿಂದ ಬರುವ ಸಾಧ್ಯತೆ ಜಾಸ್ತಿ, ನಿಜ. ಆದರೆ ಸಂಬಂಧವೇ ಇಲ್ಲದ ಇಬ್ಬರಲ್ಲೂ ಈ ಜೀನ್ ಇರಬಹುದು, ಅವರ ಮಕ್ಕಳಿಗೂ ಬರಬಹುದು. ನಮ್ಮ ರಾಜ್ಯದಲ್ಲಿ ನಾಲ್ಕರಲ್ಲಿ ಒಂದು ಮದುವೆ ಹೆಚ್ಚುಕಡಿಮೆ ಸಂಬಂಧದೊಳಗೇ ಆಗುತ್ತದೆ. ಅವರನ್ನೆಲ್ಲ ತಪ್ಪಿತಸ್ಥರನ್ನಾಗಿ ಮಾಡಿದರೆ ಯಾರೂ ಪರೀಕ್ಷೆಗೇ ಬರಲ್ಲ. ಸೊಸೆಯ ಮುಂದೆ ಈ ಮಾತು ಎತ್ತಲೇಬೇಡಿ.

ಕಿರಿಯ ಮಗಳಿಗೆ ಗಂಡು ನೋಡುತ್ತಿದ್ದೀರಿ ಅಂತಲೂ ಬರೆದಿದ್ದೀರಿ. ಆಕೆಗೂ ಎಚ್‌ಪಿಎಲ್‌ಸಿ ಮಾಡಿಸಿ. ಜೀನ್ ಇದ್ದರೂ ಮದುವೆಗೆ ಅಡ್ಡಿಯಿಲ್ಲ, ಹುಡುಗನಿಗೂ ಅದೇ ಇದ್ದರೆ ಮಾತ್ರ ಯೋಚಿಸಬೇಕು. ಮೊಮ್ಮಗನಿಗೆ ಅಂಗವಿಕಲರ ಗುರುತಿನ ಚೀಟಿಗೂ ಅರ್ಜಿ ಹಾಕಿ, 2016ರ ಕಾಯ್ದೆಯ ಪಟ್ಟಿಯಲ್ಲಿ ಥಲಸೀಮಿಯಾ ಇದೆ. ಆಸ್ಪತ್ರೆಗೆ ಹೋಗುವಾಗ ಅವನ ಹಳೇ ರಿಪೋರ್ಟ್‌ಗಳೆಲ್ಲ ಒರಿಜಿನಲ್ಲೇ ಇರಲಿ, ಜೆರಾಕ್ಸ್ ನಡೆಯಲ್ಲ ಅಂತ ವಾಪಸ್ ಕಳಿಸಿದರೆ ಒಂದು ವಾರ ಹೋಗುತ್ತದೆ.

– ಸಂ.